ಮಡಿಕೆ ಕತ್ತರಿಸದ ಪುಸ್ತಕ

ನಮ್ಮಮ್ಮ ಅಲಮೇಲು ನಾಲ್ಕು ವರ್ಷ ಒಂದಕ್ಷರವನ್ನೂ ಓದಲಿಲ್ಲ. ಓದಲು ಬರುವುದಿಲ್ಲ ಎಂದಲ್ಲ. ಮೈಸೂರಿನಲ್ಲಿದ್ದಾಗ ಒಲೆಯ ಮೇಲೆ ಸಾರು ಕುದಿಯುತ್ತಿದ್ದರೆ ಒಂದು ಕೈಯಲ್ಲಿ ಸೌಟು, ಇನ್ನೊಂದು ಕೈಯಲ್ಲಿ ವಾರಪತ್ರಿಕೆ ಹಿಡಿದು ನಿಲ್ಲುತ್ತಿದ್ದವಳು ಅವಳು. ಅಂಥವಳು ಫೋನಿಗೆ ಮೆಸೇಜು ಬಂದರೆ ಅಪ್ಪನ ಕೈಗೆ ಕೊಡತೊಡಗಿದಳು. ಮಾತ್ರೆಯ ಡಬ್ಬಿಗಳನ್ನು ಬಣ್ಣ ನೋಡಿ ಗುರುತು ಹಿಡಿದಳು. ಕಾರಿನಲ್ಲಿ ಕಣ್ಣು ಮುಚ್ಚಿಕೊಂಡು ಕೂತಳು.

"ಎಕ್ಸಿಟ್ ಬೋರ್ಡ್ ಕಣ್ಣಿಗೆ ಬಿದ್ರೂ ಪಾಪ ಬರತ್ತಾ?" ಎಂದು ಒಂದು ಸಲ ಕೇಳಿದ್ದೆ.

"ಪುಸ್ತಕ ಪೂಜೆಗಿಟ್ಟ ಮೇಲೆ ಓದಬಾರದು ಕಣೋ," ಎಂದಳು, ಕಣ್ಣು ತೆರೆಯದೆ.

ಪುಸ್ತಕ ಪೂಜೆಗಿಟ್ಟವಳು ನನ್ನ ಅಕ್ಕ ಮಾನ್ಯಾ. ನವರಾತ್ರಿಯಲ್ಲಿ ಸರಸ್ವತಿ ಪೂಜೆಯ ದಿನ ಎಲ್ಲರೂ ಇಡುವ ಹಾಗೆ ಇಟ್ಟಳು. ವಿಜಯದಶಮಿಯ ಬೆಳಿಗ್ಗೆ ಉತ್ತರಕ್ಕೆ ಒಂದಿಷ್ಟು ಕದಲಿಸಿ, ಎತ್ತಿ, ಎರಡು ಸಾಲು ಓದಿದರೆ ಪೂಜೆ ಮುಗಿಯುತ್ತದೆ. ಆ ಬೆಳಿಗ್ಗೆ ನಮ್ಮ ಮನೆಗೆ ಬರಲಿಲ್ಲ. ಹಿಂದಿನ ಸಂಜೆ ಮಾನ್ಯಾ ಆಫೀಸಿನಿಂದ ಬರುವಾಗ, ಮೈಸೂರು ಬಿಟ್ಟು ಬಂದು ನಾವು ನೆಲೆಸಿದ್ದ ಕ್ಲಾರ್ಕ್ಸ್‌ಬರ್ಗಿನಲ್ಲಿ ನಮ್ಮ ಮನೆಯ ತಿರುವಿಗೆ ಮುಂಚಿನ ಸಿಗ್ನಲ್ಲಿನಲ್ಲಿ, ಫೋನು ನೋಡುತ್ತಾ ಬಂದವನೊಬ್ಬ ಕೆಂಪು ದೀಪ ದಾಟಿ ಅವಳ ಕಾರಿಗೆ ಗುದ್ದಿದ. ಅವನು ದಂಡ ಕಟ್ಟಿ ಮನೆಗೆ ಹೋದ. ಇವತ್ತಿಗೂ ಎಲ್ಲೋ ಡ್ರೈವ್ ಮಾಡಿಕೊಂಡಿದ್ದಾನೆ. ಇದನ್ನು ಬರೆಯುವಾಗ ಹಲ್ಲು ತಾನಾಗಿ ಕಚ್ಚಿಕೊಳ್ಳುತ್ತದೆ. ಇರಲಿ, ಮುಂದಕ್ಕೆ ಹೋಗುತ್ತೇನೆ.

ಸೂತಕದವರು ದೇವರನ್ನು ಮುಟ್ಟುವ ಹಾಗಿಲ್ಲ. ಹಾಗಾಗಿ ಪುಸ್ತಕಗಳು ಮಣೆಯ ಮೇಲೆಯೇ ಉಳಿದವು. ಸೂತಕ ಕಳೆದ ದಿನ ಅಮ್ಮ ತಲೆಗೆ ನೀರು ಹಾಕಿಕೊಂಡು ಬಂದು ದೀಪ ಹಚ್ಚಿದಳು, ಹೂವು ಏರಿಸಿದಳು, ಆದರೆ ಕದಲಿಸಲಿಲ್ಲ.

"ಇಟ್ಟೋಳು ಅವಳು. ಎತ್ತೋಳೂ ಅವಳೇ," ಎಂದಳು.

ಅಪ್ಪ ಲ್ಯಾಪ್‌ಟಾಪು ಹಿಡಿದು ಮೇಲಿನ ರೂಮಿಗೆ ಹೋದರು. ಅಂದಿನಿಂದ ನಮ್ಮ ಮನೆಯಲ್ಲಿ ದಶಮಿಯೇ ಆಗಲಿಲ್ಲ. ನಾಲ್ಕು ನವರಾತ್ರಿ ಬಂದವು, ಹೋದವು. ಒಳಗೆ ಮಾತ್ರ ಅದೇ ನವಮಿ, ದಿನಾ ಅದೇ ದೀಪ.

ಮಾನ್ಯಾ ಪುಸ್ತಕ ಕಲೆಕ್ಟ್ ಮಾಡುತ್ತಿದ್ದಳು ಎಂದರೆ ಜನ ಗೋಡೆ ತುಂಬ ಕಪಾಟು ಊಹಿಸಿಕೊಳ್ಳುತ್ತಾರೆ. ಅವಳ ಹತ್ತಿರ ಇದ್ದದ್ದು ಒಂದು ಕೈ ತುಂಬುವಷ್ಟು. ಎಲ್ಲದರಲ್ಲೂ ಅವೇ ಕಥೆಗಳು. ವೇಲ್ಸ್ ಎಂಬ ಪುಟ್ಟ ನಾಡಿನಲ್ಲಿ ನೂರಾರು ವರ್ಷಗಳ ಹಿಂದೆ ಜನ ಹೇಳಿಕೊಳ್ಳುತ್ತಿದ್ದ ಜನಪದ ಕಥೆಗಳು. ಅಚ್ಚುಮೊಳೆಗಳನ್ನು ಒಂದೊಂದಾಗಿ ಕೈಯಲ್ಲಿ ಜೋಡಿಸಿ, ಕೈಯಲ್ಲೇ ಮಾಡಿದ ಕಾಗದದ ಮೇಲೆ, ನೂರೋ ಇನ್ನೂರೋ ಪ್ರತಿ ಒತ್ತಿ ಮೊಳೆ ಬಿಚ್ಚಿಬಿಡುವ ಸಣ್ಣ ಸಣ್ಣ ಅಚ್ಚುಕೂಟಗಳ ಪುಸ್ತಕಗಳು ಅವು. ಕೊನೆಯ ಪುಟದಲ್ಲಿ ಪೆನ್ಸಿಲಿನಲ್ಲಿ ಪ್ರತಿಯ ಸಂಖ್ಯೆ, ಪಕ್ಕದಲ್ಲಿ ಚಿತ್ರ ಬರೆದವರ ಸಹಿ. ಒಂದೊಂದು ಚಿತ್ರದ ಮೇಲೂ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಿನ ಹಾಳೆ. ಪುಟದ ಮೇಲೆ ಬೆರಳಾಡಿಸಿದರೆ ಅಕ್ಷರ ತಗ್ಗಾಗಿ ಸಿಗುತ್ತದೆ.

"ಮುಟ್ಟಿ ನೋಡು. ಕಣ್ಣಲ್ಲಿ ಓದಕ್ಕಾಗ್ದಿದ್ರೆ ಬೆರಳಲ್ಲಿ ಓದು," ಎನ್ನುತ್ತಿದ್ದಳು ನನಗೆ.

ನನಗೆ ಕಣ್ಣಲ್ಲಿ ಓದುವುದು ಕಷ್ಟವೇ ಆಗಿತ್ತು. ಹದಿಮೂರನೆಯ ವಯಸ್ಸಿಗೆ ಕನ್ನಡ ಮೀಡಿಯಮ್ಮಿನಿಂದ ತಂದು ಇಲ್ಲಿನ ಸ್ಕೂಲಿಗೆ ನೂಕಿದರು. ನಾನು ಗಟ್ಟಿಯಾಗಿ ಓದಿದಾಗಲೆಲ್ಲ ಕ್ಲಾಸು ನಕ್ಕಿತು. ನಕ್ಕವನೊಬ್ಬನ ಮೂಗು ಒಡೆದೆ. ಇಂಗ್ಲಿಷ್ ಬಾರದವರ ಕ್ಲಾಸಿನ ಕೊನೆಯ ಬೆಂಚಿನಲ್ಲಿ ಕೂತೆ. ಹನ್ನೊಂದನೇ ಗ್ರೇಡಿನಲ್ಲಿ ಎದ್ದು ಹೊರಗೆ ಬಂದವನು ಮತ್ತೆ ಒಳಗೆ ಹೋಗಲಿಲ್ಲ. ಈಗ ಟೈರಿನ ಅಂಗಡಿಯಲ್ಲಿ ಕೆಲಸ.

ಮೊದಲ ಪುಸ್ತಕವನ್ನು ಅವಳು ತಂದದ್ದು ನಾನು ಆ ಮೂಗು ಒಡೆದ ವಾರ. ಎಲಿಕಾಟ್ ಸಿಟಿಯ ಇಳಿಜಾರಿನ ಬೀದಿಯ ಹಳೆ ಪುಸ್ತಕದಂಗಡಿಯಿಂದ. ನನ್ನ ಮುಂದೆ ಒಂದು ಚಿತ್ರ ತೆರೆದಿಟ್ಟು, "ಇಲ್ಲಿ ಏನಾಗಿದೆ ಹೇಳು," ಎಂದಳು.

"ನಂಗೇನು ಗೊತ್ತು?"

"ಗೊತ್ತಿಲ್ಲ ಅಂತಾನೇ ಕೇಳಿದ್ದು. ಬಿಡು ಒಂದು ಬುರುಡೆ."

ನಾನು ಕನ್ನಡದಲ್ಲಿ ಬುರುಡೆ ಬಿಟ್ಟೆ. ಮುಗಿದ ಮೇಲೆ ಅವಳು ಅಲ್ಲಿ ಅಚ್ಚಾಗಿದ್ದನ್ನು ಓದಿ ಹೇಳಿದಳು. ಅದೇ ನಮ್ಮ ಆಟವಾಯಿತು. ಮೊದಲು ನನ್ನ ಕಥೆ, ಆಮೇಲೆ ಅಚ್ಚಿನ ಕಥೆ. ಅಚ್ಚಿನಲ್ಲಿ ಇರುವುದನ್ನು ಬದಲಾಯಿಸುವ ಹಾಗಿಲ್ಲ, ಎಷ್ಟೇ ಬೇಜಾರಾದರೂ. ಟೈರಿನಂಗಡಿ ಸೇರಿದ ಮೇಲೆ ಇನ್ನೊಂದು ನಿಯಮ ಬಂತು. ಮೊಣಕೈವರೆಗೆ ಪಾತ್ರೆ ಸೋಪಿನಲ್ಲಿ ತೊಳೆಯಬೇಕು. ತೊಳೆದ ಕೈಯನ್ನು ಮೂಸಿ ನೋಡಿಯೇ ಪುಸ್ತಕ ಕೊಡುತ್ತಿದ್ದಳು.

ಅವಳಿಗೆ ಇಷ್ಟವಾದದ್ದು ಹೊಳೆಯ ಕಥೆ. ಒಬ್ಬ ಅಕ್ಕ, ಒಬ್ಬ ತಮ್ಮ ತುಂಬಿದ ಹೊಳೆಯ ದಡಕ್ಕೆ ಬರುತ್ತಾರೆ. ಅಕ್ಕ ತನ್ನ ಕಂಬಳಿಯನ್ನು ತಮ್ಮನ ಕೈಗೆ ಕೊಟ್ಟು, ಕಾಲಿಗೆ ನೆಲ ಸಿಗುವ ದಾರಿ ನೋಡಿ ಕೂಗುತ್ತೇನೆ, ಆಗ ಬಾ ಎಂದು ನೀರಿಗಿಳಿಯುತ್ತಾಳೆ. ಅವನು ಕಂಬಳಿ ಹಿಡಿದು ನಿಲ್ಲುತ್ತಾನೆ. ಒಬ್ಬ ಚಿತ್ರಕಾರ ಬರೀ ಕಂಬಳಿ ಬರೆದಿದ್ದ. ಇನ್ನೊಬ್ಬ ಬರೀ ನೀರು. ಮತ್ತೊಬ್ಬ ತಮ್ಮನ ಬೆನ್ನು.

"ಅಕ್ಕನ ಮುಖ ಯಾರೂ ಬರೆಯಲ್ಲ ನೋಡು," ಎನ್ನುತ್ತಿದ್ದಳು ಮಾನ್ಯಾ. "ಎಲ್ರಿಗೂ ಆ ಪೆದ್ದನ ಮೇಲೇ ಕಣ್ಣು."

ಕೊನೆಯ ಪುಸ್ತಕವನ್ನು ಅವಳು ತರಿಸಿದ್ದು ಅದಕ್ಕೇ. ಅದರ ಚಿತ್ರಗಳನ್ನು ಮರದಲ್ಲಿ ಕೊರೆದವಳು ಒಬ್ಬ ಹೆಂಗಸು. ಈ ಸಲ ಅಕ್ಕನ ಮುಖ ಇದೆ ಎಂದು ಆ ಹೆಂಗಸು ಮೊದಲೇ ತಿಳಿಸಿದ್ದಳಂತೆ. ಪುಸ್ತಕ ಮಣೆಯಷ್ಟು ಅಗಲ. ಕೊಂಡವರು ತಮಗೆ ಬೇಕಾದ ರಟ್ಟು ಹಾಕಿಸಿಕೊಳ್ಳಲಿ ಎಂದು ಬರೀ ಬಿಳಿ ಕಾಗದದ ಹೊದಿಕೆ. ಹಾಳೆಗಳನ್ನು ಮಡಿಚಿ ಹೊಲಿದಿದ್ದರು, ಅಂಚಿನ ಮಡಿಕೆಗಳನ್ನು ಕತ್ತರಿಸಿರಲಿಲ್ಲ. ಮಡಿಕೆ ಕತ್ತರಿಸದೆ ಒಳಗಿನ ಪುಟ ಕಾಣುವುದಿಲ್ಲ. ಬಾಲ್ಟಿಮೋರಿನಲ್ಲಿ ಇಂಥದೇ ಪುಸ್ತಕ ಕೂಡಿಸುವ ಮುದುಕನೊಬ್ಬ ಅವಳಿಗೆ ಫೋನಿನಲ್ಲಿ ಗದರಿದ್ದ. ಕತ್ತರಿಸಬೇಡ ಮಗು, ಕತ್ತರಿಸಿದ ಪ್ರತಿಗೆ ಮರ್ಯಾದೆಯೇ ಇಲ್ಲ ಎಂದು.

"ಓದದೇ ಇರೋ ಪುಸ್ತಕ ಇಟ್ಕೊಂಡು ಏನ್ ಮಾಡ್ಲಿ, ಮಸಾಲೆದೋಸೆ ತಂದು ಫ್ರೇಮ್ ಹಾಕಿಸ್ದಂಗೆ," ಎಂದಳು ನನಗೆ. "ಪೂಜೆಗೆ ಇಡೋಣ. ವಿಜಯದಶಮಿ ದಿನ ನೀನೇ ಕತ್ತರಿಸು. ಈ ಸಲ ನೀನು ಓದ್ಬೇಕು, ನಾನು ಕೇಳ್ತೀನಿ. ಬುರುಡೆ ಇಲ್ಲ."

ನಾನು ತಲೆ ಅಲ್ಲಾಡಿಸುವುದರೊಳಗೆ ಆ ಪುಸ್ತಕದ ಪಕ್ಕದಲ್ಲಿ ನನ್ನ ಜಿಇಡಿ ಗೈಡನ್ನೂ ಇಟ್ಟಿದ್ದಳು. ಹೈಸ್ಕೂಲು ಬಿಟ್ಟವರು ಮತ್ತೆ ಪರೀಕ್ಷೆ ಕಟ್ಟಲು ಓದುವ ದಪ್ಪ ಪುಸ್ತಕ ಅದು. ಅವಳೇ ತಂದುಕೊಟ್ಟದ್ದು, ನಾನು ಒಂದು ಸಲವೂ ತೆರೆಯದೆ ಇಟ್ಟದ್ದು. ಉಳಿದವನ್ನು ಮಣೆಯ ಮೇಲೆ ಪೇರಿಸಿ, ದೊಡ್ಡ ಪುಸ್ತಕವನ್ನು ಅವಕ್ಕೆ ಒರಗಿಸಿ ನಿಲ್ಲಿಸಿ, ಅಮ್ಮನ ಕೆಂಪು ರೇಷ್ಮೆ ವಸ್ತ್ರ ಹೊದಿಸಿದಳು. ಅಮ್ಮ ವಸ್ತ್ರ ಸರಿಸಿ ಬಿಳಿ ಹೊದಿಕೆಗೆ ಅರಿಶಿನ ಕುಂಕುಮ ಇಟ್ಟಳು. ಮುಂದೆ, ಮಣೆಯ ಅಂಚಿನಲ್ಲೇ, ಎಳ್ಳೆಣ್ಣೆ ದೀಪ.

ಈ ವರ್ಷ ಅಪ್ಪನ ಕಾಂಟ್ರಾಕ್ಟು ಮುಗಿಯಿತು. ಕೇಶವಮೂರ್ತಿ ಎಂಬ ನಮ್ಮಪ್ಪ ಇಡೀ ಜೀವನ ಬೇರೆಯವರ ಡೇಟಾಬೇಸುಗಳನ್ನು ಸರಿಮಾಡಿದವರು. ಹೊಸ ಕೆಲಸ ಸಿಕ್ಕಿದ್ದು ನಾರ್ತ್ ಕ್ಯಾರೊಲೈನಾದ ಕ್ಯಾರಿಯಲ್ಲಿ. ಮನೆ ಮಾರಿದೆವು. ಮನೆ ಕೊಂಡವರು ಒಳಗೆ ಬರುವ ದಿನ ಹತ್ತಿರ ಬಂದರೂ ಮಣೆ ಅಲ್ಲೇ ಇತ್ತು.

ಹೊರಡುವ ಬೆಳಿಗ್ಗೆ ಪಕ್ಕದ ಮನೆಯ ವಿದ್ಯಾವತಿ ಆಂಟಿ ಅಲ್ಯೂಮಿನಿಯಂ ಟ್ರೇಯಲ್ಲಿ ಪುಳಿಯೋಗರೆ, ಪೇಪರ್ ಪ್ಲೇಟು, ಪ್ಲಾಸ್ಟಿಕ್ ಚಮಚ ಚಾಕುಗಳ ಪೊಟ್ಟಣ ಹಿಡಿದು ಬಂದರು. ಖಾಲಿ ಹಾಲಿನಲ್ಲಿ ಅವರ ದನಿ ಗುಂಯ್‌ಗುಟ್ಟಿತು.

"ಅಲಮೇಲು, ಟೆಂಪಲ್ ಪುರೋಹಿತರನ್ನ ಕೇಳ್ದೆ ಕಣ್ರೀ. ಉತ್ತರಕ್ಕೆ ಒಂಚೂರು ಕದಲಿಸಿ, ತಪ್ಪಾಯ್ತು ಅಂತ ಬೇಡ್ಕೊಂಡ್ರೆ ಸಾಕಂತೆ. ಎಷ್ಟು ಸಿಂಪಲ್ಲು!"

"ಯಾರ ತಪ್ಪು?" ಎಂದಳು ಅಮ್ಮ.

ಆಂಟಿ ಟ್ರೇಯ ಮುಚ್ಚಳದ ಅಂಚನ್ನು ಸುತ್ತಲೂ ಒತ್ತಿದರು. "ಅದಲ್ಲ... ಪುಸ್ತಕಾನ ಲೈಬ್ರರಿಗಾದ್ರೂ ಡೊನೇಟ್ ಮಾಡಿ. ನಾಲ್ಕು ಜನ ಓದಿದ್ರೆ ಆ ಮಗೂಗೂ ಪುಣ್ಯ. ಎಷ್ಟು ಬುದ್ಧಿವಂತೆ. ಅಂಥ ಹಳೇ ಕಥೆ ಎಲ್ಲ ಯಾಕೆ ಕೂಡಿಡ್ತಿದ್ಲೋ ಏನೋ."

"ಪುಳಿಯೋಗರೆ ಚೆನ್ನಾಗಿದೆ ಆಂಟಿ," ಎಂದೆ. ಅದಕ್ಕಿಂತ ಮರ್ಯಾದೆಯ ಮಾತು ನನ್ನ ಬಾಯಲ್ಲಿರಲಿಲ್ಲ.

"ಇನ್ನೂ ತಿಂದೇ ಇಲ್ವಲ್ಲೋ!"

"ವಾಸನೇಲೇ ಗೊತ್ತಾಯ್ತು."

ಅವರು ಅಮ್ಮನನ್ನು ತಬ್ಬಿ, ಮೂಗು ಒರೆಸಿಕೊಂಡು ಹೋದರು. ಟ್ರಕ್ಕಿನವರು ಆಗಲೇ ಎಲ್ಲ ತುಂಬಿಕೊಂಡು ಹೋಗಿದ್ದರು. ಉಳಿದದ್ದು ನಾವು ಮೂವರು, ಆ ಟ್ರೇ, ಮತ್ತು ಗೋಡೆಯ ಪಕ್ಕದ ಮಣೆ.

"ಮಣೆ ಸಮೇತ ಹಾಗೇ ಎತ್ತಿ," ಎಂದಳು ಅಮ್ಮ. "ನನ್ನ ತೊಡೆ ಮೇಲೆ ಇಟ್ಕೋತೀನಿ."

"ಕ್ಯಾರಿವರೆಗೂ?"

"ಹೂಂ."

"ಆಗ ಕದಲಿಸಿದಂಗೆ ಆಗಲ್ವಾ?"

"ಕದಲೋದು ಮಣೆ. ಪುಸ್ತಕ ಮಣೆ ಮೇಲೇ ಇರತ್ತಲ್ಲ."

"ಲಾಜಿಕಲೀ ಕರೆಕ್ಟ್," ಎಂದರು ಅಪ್ಪ. ಅವರಿಗೆ ನಗು ಬರಲಿಲ್ಲ, ನಮಗೂ ಬರಲಿಲ್ಲ.

ಅಪ್ಪ ಒಂದು ಕಡೆ, ನಾನೊಂದು ಕಡೆ ಹಿಡಿದು ಎತ್ತಿದೆವು. ಮಣೆ ನೆಲಕ್ಕೆ ಅಂಟಿಕೊಂಡಿತ್ತು. ಕಿತ್ತುಬಂದ ಜಾಗದಲ್ಲಿ ಕಪ್ಪು ಜಿಡ್ಡು. ಬಾಗಿಲ ಹತ್ತಿರ ಬಂದಾಗ ಮಣೆ ಒಂದು ಕಡೆ ವಾಲಿತು, ರೇಷ್ಮೆ ವಸ್ತ್ರ ಜಾರಿ ಕೆಳಗೆ ಬಿತ್ತು.

ನಾಲ್ಕು ವರ್ಷದಲ್ಲಿ ಆ ಪುಸ್ತಕವನ್ನು ನಾನು ನೋಡಿದ್ದು ಅದೇ ಮೊದಲು. ಬಿಳಿಯ ಹೊದಿಕೆ ಇರಲಿಲ್ಲ. ಇದ್ದದ್ದು ಬೆಲ್ಲದ ಬಣ್ಣದ ಏನೋ ಒಂದು. ದೀಪದಿಂದ ತೊಟ್ಟಿಕ್ಕಿದ ಎಣ್ಣೆ ಮಣೆಯ ಮೇಲೆ ಹರಿದು, ಕಾಗದದ ಬುಡ ಸೇರಿ, ಬತ್ತಿಗೆ ಏರುವ ಹಾಗೆ ದಿನಾ ಮೇಲೇರಿತ್ತು. ಕುಂಕುಮ ಅದರಲ್ಲಿ ಕರಗಿ ಕೆಳಗಿಳಿದಿತ್ತು.

ನಾನು ಮಣೆಯನ್ನು ಹೊಸ್ತಿಲ ಒಳಗೆ ಇಳಿಸಿದೆ. ಇಳಿಸಿದೆ ಎನ್ನುವುದಕ್ಕಿಂತ ಕುಕ್ಕಿದೆ.

"ನೋಡು! ನೋಡಮ್ಮ! ಅವಳು ಕೈ ತೊಳೀದೆ ಮುಟ್ಟಕ್ಕೆ ಬಿಡ್ತಿರ್ಲಿಲ್ಲ. ನೀನು ನಾಲ್ಕು ವರ್ಷ ಎಣ್ಣೆ ಕುಡಿಸಿದೀಯ ಅದಕ್ಕೆ!"

"ಅಭಿ," ಎಂದರು ಅಪ್ಪ.

"ಏನು ಅಭಿ? ನೀವು ಒಂದು ದಿನ ಮಾತಾಡಿದ್ರಾ? ಅವನು ಕಾರು ಗುದ್ದಿ ಹೋದ, ಅವನನ್ನ ನಾನೇನೂ ಮಾಡಕ್ಕಾಗ್ಲಿಲ್ಲ. ಇದೊಂದನ್ನಾದ್ರೂ ಉಳಿಸ್ಕೋಬಹುದಿತ್ತು. ನಾನು ಕತ್ತರಿಸಿ ಓದ್ಬೇಕು ಅಂತ ಇಟ್ಟಿದ್ಲು. ನಾನು! ಅವಳು ಕೇಳಿದ್ದು ಅದೊಂದೇ!"

ನನ್ನ ದನಿ ಖಾಲಿ ಮನೆಯ ಮೇಲಿನ ರೂಮುಗಳವರೆಗೂ ಹೋಗಿ ವಾಪಸ್ಸು ಬಂತು. ಅಮ್ಮ ನನ್ನ ಕಡೆ ನೋಡುತ್ತಿರಲಿಲ್ಲ. ತೆರೆದ ಬಾಗಿಲಿನಿಂದ ಬಿಸಿಲು ನೇರ ಪುಸ್ತಕದ ಮೇಲೆ ಬೀಳುತ್ತಿತ್ತು.

"ಅದರೊಳಗೆ ಯಾರೋ ಇದಾರೆ," ಎಂದಳು.

ಬಗ್ಗಿ ನೋಡಿದೆ. ಎಣ್ಣೆ ಕುಡಿದ ಕಾಗದ ಗಾಜಿನ ಹಾಗಾಗಿತ್ತು. ಹೊದಿಕೆಯ ಕೆಳಗೆ, ಮೊದಲ ಹಾಳೆಯ ಮಡಿಕೆಯೊಳಗೆ ಮುಚ್ಚಿಕೊಂಡಿದ್ದ ಚಿತ್ರ ಮಸುಕಾಗಿ ಕಾಣುತ್ತಿತ್ತು. ನೀರಿನ ಗೆರೆಗಳು. ನೀರಿನ ಮಧ್ಯೆ ಒಂದು ಆಕಾರ, ಸೊಂಟದವರೆಗೆ. ಕೂದಲು. ಮುಖದ ಜಾಗದಲ್ಲಿ ಕುಂಕುಮದ ಕಲೆ.

"ಯಾರೋ ಅದು?" ಎಂದಳು ಅಮ್ಮ.

"ಅಕ್ಕ," ಎಂದೆ. ಆಮೇಲೆ, "ಕಥೇಲಿ ಬರೋ ಅಕ್ಕ," ಎಂದೆ.

"ಏನು ಕಥೆ?"

ಮಾನ್ಯಾ ಅಷ್ಟು ವರ್ಷ ಅಮ್ಮನಿಗೆ ಆ ಕಥೆ ಹೇಳಿರಲೇ ಇಲ್ಲ. ಅದು ನಮ್ಮಿಬ್ಬರದಾಗಿತ್ತು. ನಾನು ಹೊಸ್ತಿಲ ಮೇಲೆ ಕೂತು ಹೇಳಿದೆ. ಹೇಳುವುದು ಓದಿದ ಹಾಗಲ್ಲವಲ್ಲ, ಅಮ್ಮ ತಡೆಯಲಿಲ್ಲ. ತುಂಬಿದ ಹೊಳೆ, ಕಂಬಳಿ, ಕೂಗುತ್ತೇನೆ ಆಗ ಬಾ ಎಂದದ್ದು. ಅವನು ನಿಂತದ್ದು. ಕತ್ತಲಾದದ್ದು, ಬೆಳಕಾದದ್ದು, ಮರದ ಎಲೆ ಉದುರಿ ಕಂಬಳಿಯ ಮೇಲೆ ಬಿದ್ದದ್ದು. ಅಮ್ಮ ನೆಲಕ್ಕೆ ಕೂತಿದ್ದಳು. ಅವಳ ಕೈ ನನ್ನ ಮಂಡಿಯ ಮೇಲೆ ಬಂದಿತ್ತು.

"ಆಮೇಲೆ?"

ನಾನು ಪುಸ್ತಕದ ಅಂಚಿನ ಮಡಿಕೆಗಳನ್ನು ನೋಡಿದೆ.

"ಹೇಳೋ. ಬಂದ್ಲಾ?"

ಬಂದಳು ಎಂದುಬಿಡಬಹುದಿತ್ತು. ಅದು ನನ್ನ ಸರದಿಯೇ, ಬುರುಡೆಯ ಸರದಿ. ಅಮ್ಮನ ಮುಖ ನೋಡಿದರೆ ಯಾರಾದರೂ ಹಾಗೇ ಹೇಳುತ್ತಿದ್ದರು. ಕೋಪ ಇಳಿದಿತ್ತು. ಇಳಿದ ಜಾಗದಲ್ಲಿ ಏನೂ ಇರಲಿಲ್ಲ.

"ನಾನು ಹೇಳಲ್ಲಮ್ಮ. ಒಳಗೆ ಅಚ್ಚಾಗಿದೆ. ಕತ್ತರಿಸಿ ಓದ್ಬೇಕು."

ಅಪ್ಪ ಮೆಟ್ಟಿಲ ಮೇಲೆ ಕೂತು ಎರಡೂ ಅಂಗೈಯಿಂದ ಮುಖ ಮುಚ್ಚಿಕೊಂಡಿದ್ದರು. ಹೊರಗೆ ಯಾರದೋ ಮನೆಯ ಹುಲ್ಲು ಕತ್ತರಿಸುವ ಮೆಷಿನ್ನು ಶುರುವಾಗಿ, ನಿಂತು, ಮತ್ತೆ ಶುರುವಾಯಿತು. ಅಮ್ಮ ಆ ಚಿತ್ರವನ್ನೇ ನೋಡುತ್ತಿದ್ದಳು. ಸೆರಗಿನ ತುದಿಯಿಂದ ಮುಖದ ಜಾಗದ ಕುಂಕುಮ ಒರೆಸಿದಳು. ಅದು ಹೋಗಲಿಲ್ಲ.

"ಉತ್ತರ ಯಾವ ಕಡೆ?" ಎಂದಳು. "ಎತ್ತಿ ತಂದ್ರಲ್ಲ, ನಂಗೆ ದಿಕ್ಕೇ ತಪ್ಪಿಹೋಯ್ತು."

ಅಪ್ಪ ಫೋನು ತೆಗೆದು ದಿಕ್ಸೂಚಿ ಹುಡುಕಿದರು. ಮುಳ್ಳು ಸುತ್ತುತ್ತಲೇ ಇತ್ತು. ಕೊನೆಗೆ ನೆಲದ ಮೇಲಿಟ್ಟರು. ಉತ್ತರ ಅಡುಗೆಮನೆಯ ಕಡೆಗಿತ್ತು.

ಅಮ್ಮ ಎರಡೂ ಕೈಯಿಂದ ಪುಸ್ತಕ ಹಿಡಿದಳು. ಒಂದು ಬೆರಳಿನಷ್ಟು ಕದಲಿಸಿದಳು. ಮಂತ್ರ ಹೇಳಲಿಲ್ಲ, ತಪ್ಪಾಯಿತು ಎನ್ನಲಿಲ್ಲ.

"ಹೋಗಿ ಬಾ," ಎಂದಳು. ಅಷ್ಟೇ ಹೇಳಿ ಹಣೆಯನ್ನು ಮಣೆಗೆ ಆನಿಸಿದಳು. ಆಗ ಅವಳಿಂದ ಹೊರಟ ಸದ್ದನ್ನು ನಾನು ಆಸ್ಪತ್ರೆಯಲ್ಲೂ ಕೇಳಿರಲಿಲ್ಲ, ಸ್ಮಶಾನದಲ್ಲೂ ಕೇಳಿರಲಿಲ್ಲ.

ನಾನು ಅಡುಗೆಮನೆಗೆ ಹೋಗಿ ಮೊಣಕೈವರೆಗೆ ತೊಳೆದುಕೊಂಡೆ. ಸೋಪು ಟ್ರಕ್ಕಿನಲ್ಲಿತ್ತು. ಬರೀ ನೀರಿನಲ್ಲಿ ತಿಕ್ಕಿದೆ, ಉಗುರಿನ ಸಂದಿಯ ಕಪ್ಪು ಉಳಿಯಿತು. ಚಾಕುಗಳೆಲ್ಲ ಟ್ರಕ್ಕಿನಲ್ಲೇ. ಆಂಟಿಯ ಪೊಟ್ಟಣ ಒಡೆದು ಒಂದು ಪ್ಲಾಸ್ಟಿಕ್ ಚಾಕು ತೆಗೆದುಕೊಂಡು ಬಂದೆ. ಬಾಲ್ಟಿಮೋರಿನ ಮುದುಕ ನೋಡಿದ್ದರೆ ಎದೆಯೊಡೆದು ಸಾಯುತ್ತಿದ್ದ. ಮಾನ್ಯಾ ಬಿದ್ದು ಬಿದ್ದು ನಗುತ್ತಿದ್ದಳು.

ಎಣ್ಣೆಯ ಕಾಗದ ಸದ್ದಿಲ್ಲದೆ ಬಿಟ್ಟುಕೊಂಡಿತು. ಅಂಚು ಹಲ್ಲು ಹಲ್ಲಾಯಿತು. ಹಾಳೆ ತೆರೆದೆ.

ಅವಳು ನೀರಿನ ನಡುವೆ ನಿಂತು ಈ ದಡದ ಕಡೆ ತಿರುಗಿದ್ದಳು. ಅಗಲ ಹಣೆ, ಮೊಂಡು ಮೂಗು, ಯಾವುದೋ ದೂರದ ನಾಡಿನ ರೈತರ ಹುಡುಗಿ.

"ನಮ್ಮವಳ ಥರ ಇಲ್ಲ," ಎಂದಳು ಅಮ್ಮ.

"ಇಲ್ಲ."

"ಓದು."

ಓದಿದೆ. ಬೆರಳಿಟ್ಟುಕೊಂಡು, ತಡವರಿಸುತ್ತಾ, ಕೆಲವು ಪದಗಳನ್ನು ಎರಡೆರಡು ಸಲ ಹೇಳುತ್ತಾ. ಯಾರೂ ನಗಲಿಲ್ಲ. ಒಂದೊಂದು ವಾಕ್ಯವನ್ನೂ ಕನ್ನಡದಲ್ಲಿ ಹೇಳಿದೆ. ಕೊನೆಗೆ ಅಲ್ಲಿ ಏನಿತ್ತೋ ಅದನ್ನೇ ಹೇಳಿದೆ. ಕೂಗು ಕೇಳಲಿಲ್ಲ. ಅವಳು ಬರಲಿಲ್ಲ. ನೀರು ಇಳಿದ ಮೇಲೆ ಅವನು ದಾಟಿ ಹೋಗಿ ಆ ದಡದಲ್ಲಿ ಹುಡುಕಿದ, ಅಲ್ಲಿ ಹೆಜ್ಜೆಯ ಗುರುತೂ ಇರಲಿಲ್ಲ.

ಅಮ್ಮ ತಲೆಯಾಡಿಸಿದಳು, ಮೊದಲೇ ಗೊತ್ತಿದ್ದವಳ ಹಾಗೆ. ಆಮೇಲೆ ಚಿತ್ರದ ಬಾಯಿಯ ಮೇಲೆ ಬೆರಳಿಟ್ಟಳು.

"ಇವಳು ಕೂಗ್ತಿದಾಳಲ್ಲೋ."

ಹೌದು, ಬಾಯಿ ತೆರೆದಿತ್ತು.

"ಕಥೇಲಿ ಕೂಗಲ್ಲಮ್ಮ."

"ಕೂಗಿದಾಳೆ. ನೀರಿನ ಸದ್ದಲ್ಲಿ ಅವನಿಗೆ ಕೇಳ್ಸಿಲ್ಲ."

ನಾನು ಮತ್ತೆ ಆ ತೆರೆದ ಬಾಯಿ ನೋಡಿದೆ. ಆ ಚಿತ್ರ ಕೊರೆದವಳೂ ಹಾಗೇ ಅಂದುಕೊಂಡಿದ್ದಳೇನೋ.

ಮಧ್ಯಾಹ್ನ ಹೊರಟೆವು. ಅಪ್ಪ ಡ್ರೈವ್ ಮಾಡುತ್ತಿದ್ದರು, ಅಮ್ಮ ಪಕ್ಕದಲ್ಲಿ. ಹಿಂದಿನ ಸೀಟಿನಲ್ಲಿ ನಾನು, ಮಣೆ, ಪುಸ್ತಕಗಳು, ಪುಳಿಯೋಗರೆ. ಜಿಇಡಿ ಗೈಡೂ ಇತ್ತು. ಅದರ ಬುಡಕ್ಕೂ ಎಣ್ಣೆ ಏರಿತ್ತು. ತೊಡೆಯ ಮೇಲಿಟ್ಟುಕೊಂಡಿದ್ದೆ, ಅಷ್ಟೇ.

ಮಾನ್ಯಾಳ ಸಿಗ್ನಲ್ಲು ಹಸಿರಾಗಿತ್ತು. ನಿಲ್ಲದೆ ದಾಟಿದೆವು.

ಹೈವೇ ಸೇರಿದ ಮೇಲೆ ನೋಡಿದರೆ ಅಮ್ಮನ ಕಣ್ಣು ತೆರೆದಿತ್ತು. ತುಟಿ ಅಲ್ಲಾಡುತ್ತಿತ್ತು. ಏನೋ ಜಪ ಎಂದುಕೊಂಡೆ. ಆಮೇಲೆ ಕೇಳಿಸಿತು.

"ಜರ್ಮನ್‌ಟೌನ್," ಎಂದಳು. ಸ್ವಲ್ಪ ದೂರ ಹೋದ ಮೇಲೆ, "ಗೇದರ್ಸ್‌ಬರ್ಗ್."

ಅಪ್ಪ ಕನ್ನಡಿಯಲ್ಲಿ ನನ್ನನ್ನು ನೋಡಿದರು. ನಾನು ಕಿಟಕಿಯ ಕಡೆ ತಿರುಗಿದೆ. ದಾರಿಯುದ್ದಕ್ಕೂ ಅವಳು ಓದುತ್ತಲೇ ಹೋದಳು. ಪೆಟ್ರೋಲ್ ಬಂಕಿನ ಹೆಸರು, ಲಾರಿಯ ಬೆನ್ನ ಮೇಲಿನ ಅಕ್ಷರ, ಎಕ್ಸಿಟ್ಟಿನ ನಂಬರು. ವರ್ಜಿನಿಯಾದಲ್ಲಿ ಒಂದು ಸೇತುವೆಗೆ ಮುಂಚೆ ಬಂದ ಬೋರ್ಡಿನಲ್ಲಿ ತಡವರಿಸಿದಳು.

"ರಪ್ಪ... ರಪ್ಪಾಹ... ಏನೋ ಇದು?"

"ರಪ್ಪಹ್ಯಾನಕ್," ಎಂದೆ. "ನದಿ ಹೆಸರು."

ಸೇತುವೆ ಶುರುವಾದಾಗ ಅವಳು ಸೀಟಿನಲ್ಲಿ ಪೂರ್ತಿ ಹಿಂದಕ್ಕೆ ತಿರುಗಿ, ನನ್ನ ತಲೆಯ ಪಕ್ಕದಿಂದ ಹಿಂದಿನ ಗಾಜಿನಾಚೆ, ನಾವು ಬಿಟ್ಟುಬಂದ ದಡವನ್ನು ನೋಡಿದಳು. ನೀರು ಮುಗಿಯುವವರೆಗೂ ಹಾಗೇ ಕೂತಿದ್ದಳು.